ಅಡವಿನ ಮೇಲೆ ಅಡವು

ನಾರಾವಿಯ ನಮ್ಮ ಮನೆಯ ಅಟ್ಟದ ಮೇಲೆ ತಗಡಿನ ಪೆಟ್ಟಿಗೆಯೊಂದಿದೆ. ಅದರಲ್ಲಿ ಚಿನ್ನವಿಲ್ಲ, ಬೆಳ್ಳಿಯಿಲ್ಲ. ಕಾಗದಗಳು ಮಾತ್ರ ಇವೆ. ನಮ್ಮ ತಂದೆಯವರು ವರ್ಷಕ್ಕೊಮ್ಮೆ, ಮಳೆ ಹಿಂದೆ ಸರಿದ ಮೇಲೆ, ಅವನ್ನು ಅಂಗಳದ ಬಿಸಿಲಿಗೆ ಹರಡಿ, ಗೆದ್ದಲು ಹಿಡಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಮತ್ತೆ ಕಟ್ಟಿಡುತ್ತಿದ್ದರು. ಅವರ ತರುವಾಯ ಆ ಕೆಲಸ ನನ್ನ ಪಾಲಿಗೆ ಬಂದಿದೆ. ಆ ಕಟ್ಟಿನಲ್ಲಿ 1926ರ ಒಂದು ಭೋಗ್ಯಪತ್ರ, 1929ರ ಒಂದು ತೋರಡವು, 1931ರ ಮತ್ತೊಂದು ಅಡವುಪತ್ರ, ಇವುಗಳ ಕೊನೆಗೆ ಒಂದು ಕೋರ್ಟು ಹರಾಜಿನ ನಕಲು. ಇಷ್ಟನ್ನು ಒಂದರ ಬಳಿಕ ಒಂದಾಗಿ ಓದಿದರೆ ನಮ್ಮ ಅಜ್ಜನ ಒಂಬತ್ತು ವರ್ಷಗಳ ಚರಿತ್ರೆ ಮುಗಿಯುತ್ತದೆ.

ಕಳೆದ ತಿಂಗಳು ಒಂದು ಭಾನುವಾರ ನನ್ನ ಸೋದರಳಿಯ ಬಂದಿದ್ದ. ಬೆಳ್ತಂಗಡಿಯಿಂದ ಕಾರ್ಕಳಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ತನ್ನ ತಾಯಿಗೆ ಪಾಲಿನಲ್ಲಿ ಬಂದ ಜಾಗದಲ್ಲಿ, ಐದು ವರ್ಷಗಳ ಹಿಂದೆ ಅವನು ಮನೆ ಕಟ್ಟಿಸಿದ. ಇಪ್ಪತ್ತು ಸೆಂಟ್ಸು ಜಾಗಕ್ಕೆ ಕನ್ವರ್ಷನ್ ಮಾಡಿಸಿ, ಪಂಚಾಯತಿನಿಂದ 9/11 ಪಡೆದು, ಒಂದು ಬ್ಯಾಂಕಿನಿಂದ ಇಪ್ಪತ್ತು ಲಕ್ಷ ರೂಪಾಯಿ ಸಾಲ ತೆಗೆದಿದ್ದ. ಆ ಸಾಲಕ್ಕೆ ಜಾಮೀನು ನಾನೇ. ಈಗ ಮತ್ತೆ ಐದು ಲಕ್ಷ ಬೇಕಾಗಿತ್ತು. ಕುದುರೆಮುಖದ ತಪ್ಪಲಿನ ಅಡಿಕೆ ತೋಟಗಳಿಗೆ ಕೆಲವು ವರ್ಷಗಳಿಂದ ಬಡಿದಿರುವ ಎಲೆಚುಕ್ಕಿ ರೋಗ ಅವನ ತೋಟವನ್ನೂ ಬಿಟ್ಟಿಲ್ಲ. ಸೋಗೆ ಒಣಗಿ, ಫಸಲು ಇಳಿದು, ಹೊಸ ಸಸಿ ಹಾಕದೆ ಗತ್ಯಂತರವಿಲ್ಲದಂತಾಗಿದೆ. ಸಸಿಗೆ ಹಣ, ಅದು ಫಲ ಕೊಡುವ ತನಕದ ಐದಾರು ವರ್ಷದ ಊಟಕ್ಕೆ ಹಣ.

"ಮಾವ, ಎರಡು ಕಾಗದಕ್ಕೆ ನಿಮ್ಮ ಸೈನು ಬೇಕು" ಎಂದ. ಒಂದು, ಈಗಿನ ಬ್ಯಾಂಕಿನಲ್ಲೇ ಇದೇ ಮನೆಯ ಮೇಲೆ ಐದು ಲಕ್ಷದ ಟಾಪ್-ಅಪ್ ಸಾಲಕ್ಕೆ. ಇನ್ನೊಂದು, ಆರು ತಿಂಗಳು ಕಳೆದ ಬಳಿಕ ಮೊದಲಿನ ಸಾಲವನ್ನೂ ಈ ಐದು ಲಕ್ಷವನ್ನೂ ಒಟ್ಟು ಸೇರಿಸಿ, ಬಡ್ಡಿ ಕಡಿಮೆಯಿರುವ ಮತ್ತೊಂದು ಬ್ಯಾಂಕಿಗೆ ದಾಟಿಸುವಾಗ. "ಮೊದಲು ಹೆಚ್ಚು ತೆಗೆದುಕೊಳ್ಳುವುದು, ಆಮೇಲೆ ಬದಲಾಯಿಸುವುದು. ಬ್ಯಾಂಕಿನವರೇ ಹೇಳಿದ್ದು."

ನಾನು ಉತ್ತರ ಕೊಡಲಿಲ್ಲ. ಏಣಿ ಇಟ್ಟು ಅಟ್ಟ ಹತ್ತಿದೆ. ಈ ವಯಸ್ಸಿನಲ್ಲಿ ಏಣಿ ಹತ್ತಬಾರದೆಂದು ಮನೆಯಾಕೆ ಕೆಳಗಿನಿಂದ ಕೂಗಿದ್ದು ಕೇಳಿಸಿತು.

ಸಾಲದ ವಿಷಯದಲ್ಲಿ ನಮ್ಮ ನಾಡಿನವರು ಎಂದೂ ಅಜ್ಞಾನಿಗಳಾಗಿರಲಿಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಬರೆದ 'ಮಿತಾಕ್ಷರಾ' ಭಾರತದ ಬಹುಭಾಗಕ್ಕೆ ದಾಯಭಾಗವನ್ನು ಕಲಿಸಿದ ಗ್ರಂಥವೆಂದು ಎಲ್ಲರೂ ಬಲ್ಲರು. ಋಣಾದಾನದ ಪ್ರಕರಣವೂ ಅದರಲ್ಲಿ ಅಷ್ಟೇ ಸೊಗಸಾಗಿದೆಯೆಂಬುದನ್ನು ಕೆಲವರು ಮಾತ್ರ ಬಲ್ಲರು. ಹದಿನೆಂಟು ವ್ಯವಹಾರಪದಗಳಲ್ಲಿ ಮೊದಲನೆಯದೇ ಋಣಾದಾನ. ಒತ್ತೆಗೆ ಅಲ್ಲಿ 'ಆಧಿ' ಎಂದು ಹೆಸರು. ಬಚ್ಚಿಟ್ಟು ಕಾಪಾಡಬೇಕಾದುದು ಗೋಪ್ಯ. ಫಲವನ್ನು ಉಣ್ಣಬಹುದಾದುದು ಭೋಗ್ಯ. ಅಸಲಿಗೆ ಬಡ್ಡಿ ಸೇರಿ ಎರಡರಷ್ಟಾದರೂ ಬಿಡಿಸಿಕೊಳ್ಳದಿದ್ದರೆ ಗೋಪ್ಯವು ಕೈತಪ್ಪುತ್ತದೆ; ಭೋಗ್ಯವು ಎಂದಿಗೂ ತಪ್ಪುವುದಿಲ್ಲ ಎಂದು ಯಾಜ್ಞವಲ್ಕ್ಯರ ಮತ. ಇನ್ನೂ ಒಂದು ಮಾತು ಅಲ್ಲಿದೆ. ಬೇರೆ ವ್ಯವಹಾರಗಳಲ್ಲಿ ಕೊನೆಗೆ ನಡೆದುದಕ್ಕೆ ಬಲ ಹೆಚ್ಚು. ಆಧಿ, ದಾನ, ಕ್ರಯ ಈ ಮೂರರಲ್ಲಿ ಮಾತ್ರ ಮೊದಲು ನಡೆದುದೇ ಬಲವತ್ತರ. ಒಂದೇ ಗದ್ದೆಯನ್ನು ಇಬ್ಬರಿಗೆ ಒತ್ತೆಯಿಟ್ಟರೆ ಮುಂಚಿನವನಿಗೆ ಮುಂಚಿನ ಹಕ್ಕು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 48ನೆಯ ಕಲಮು ಹೇಳುವುದೂ ಇದನ್ನೇ. ಭೋಗ್ಯದ ಒತ್ತೆಯನ್ನು ಮೂವತ್ತು ವರ್ಷ ಕಳೆಯಿತೆಂಬ ಒಂದೇ ಕಾರಣಕ್ಕೆ ಕಳೆದುಕೊಳ್ಳಬೇಕಾಗಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗ, ಕಲ್ಯಾಣದ ಆ ಪಂಡಿತನು ತಲೆದೂಗುತ್ತಿದ್ದನೆಂದು ನನಗೆ ಅನ್ನಿಸಿತು.

ನಮ್ಮ ಜಿಲ್ಲೆಯಲ್ಲಿ ಭೋಗ್ಯದ ಜೊತೆಗೆ ತೋರಡವು ಎಂಬುದೊಂದಿತ್ತು. ಭೋಗ್ಯದಲ್ಲಿ ಗದ್ದೆ ಸಾಲ ಕೊಟ್ಟವನ ಸ್ವಾಧೀನಕ್ಕೆ ಹೋಗುತ್ತದೆ, ಅದರ ಬೆಳೆಯೇ ಬಡ್ಡಿ. ತೋರಡವಿನಲ್ಲಿ ಗದ್ದೆ ನಮ್ಮ ಕೈಯಲ್ಲೇ ಉಳಿಯುತ್ತದೆ. 'ಇಗೋ, ಇದು ಆಧಾರ' ಎಂದು ಕಾಗದದಲ್ಲಿ ತೋರಿಸುವುದಷ್ಟೆ. ಹೆಸರು ಎಷ್ಟು ಅರ್ಥವತ್ತಾಗಿದೆ ನೋಡಿ! ದಕ್ಷಿಣಕ್ಕೆ ಚಂದ್ರಗಿರಿ ಹೊಳೆ ದಾಟಿ ಮಲಬಾರಿಗೆ ಹೋದರೆ, ಅಡವು ಹಿಡಿದವನೇ ಅದೇ ಭೂಮಿಯ ಮೇಲೆ ಮತ್ತೆ ಕೊಡುವ ಹೆಚ್ಚಿನ ಸಾಲಕ್ಕೆ 'ಪುರಂಕಡಂ' ಎಂಬ ಪ್ರತ್ಯೇಕ ಹೆಸರೇ ಇತ್ತು. ಕಡಂ ಎಂದರೆ ಸಾಲ. ಇದು ಅದರ ಹೊರಗಿನ ಸಾಲ. ಒಂದೊಂದು ಪುರಂಕಡಂ ಸೇರಿದಂತೆಲ್ಲ ಭೂಮಿಯೊಡೆಯನು ತನ್ನ ಭೂಮಿಯಿಂದ ಒಂದೊಂದು ಮೆಟ್ಟಲು ಕೆಳಗಿಳಿಯುತ್ತಿದ್ದನು. ಹೆಸರು ಹುಟ್ಟಬೇಕಾದರೆ ಆ ವ್ಯವಹಾರ ಎಷ್ಟು ಮನೆಗಳಲ್ಲಿ ನಡೆದಿರಬೇಕು!

ಇನ್ನು ನಮ್ಮ ಅಜ್ಜನ ವಿಷಯ.

ಅವರಿಗಿದ್ದುದು ಸ್ವಲ್ಪ ವರ್ಗದ ಭೂಮಿ. ಹಳ್ಳದ ಬದಿಯಲ್ಲಿ ಎರಡು ಬೆಳೆ ಬರುವ ಬೈಲು ಗದ್ದೆ, ಅದರ ಮೇಲೆ ಮಜಲು, ಇನ್ನೂ ಮೇಲೆ ಮಳೆಯನ್ನೇ ನಂಬಿದ ಬೆಟ್ಟು ಗದ್ದೆ. 1926ರಲ್ಲಿ ತಂಗಿಯ ಮದುವೆಗೆಂದು ಬೈಲು ಗದ್ದೆಯನ್ನು ಒಬ್ಬ ಧಣಿಗೆ ನಾನೂರು ರೂಪಾಯಿಗೆ ಭೋಗ್ಯಕ್ಕೆ ಬರೆದುಕೊಟ್ಟರು. ಮೂರು ವರ್ಷ ಕಳೆಯಿತು. ಬೈಲಿಲ್ಲದೆ ಮನೆಯ ಅಕ್ಕಿ ಸಾಲದು. 1929ರಲ್ಲಿ ಅದೇ ಬೈಲನ್ನೂ ಮಜಲನ್ನೂ ಸೇರಿಸಿ, ಪೇಟೆಯ ಇನ್ನೊಬ್ಬ ಸಾಹುಕಾರನಿಗೆ ತೋರಡವು ಬರೆದು ನೂರೈವತ್ತು ತಂದರು. ನೂರು ರೂಪಾಯಿಗೆ ಮೇಲ್ಪಟ್ಟ ಅಡವಿಗೆ ನೋಂದಣಿ ಕಡ್ಡಾಯ. ಆದುದರಿಂದ ಅದೂ ನೋಂದಣಿಯಾಯಿತು. ಆ ವರ್ಷದ ಕೊನೆಗೆ ಅಮೇರಿಕದಲ್ಲಿ ಷೇರುಪೇಟೆ ಕುಸಿಯಿತು. ನ್ಯೂಯಾರ್ಕಿಗೂ ನಾರಾವಿಗೂ ಏನು ಸಂಬಂಧವೆಂದು ಕೇಳಬಹುದು. ಮುಂದಿನ ಎರಡು ಮೂರು ವರ್ಷಗಳಲ್ಲಿ ಮದರಾಸು ಪ್ರಾಂತದಲ್ಲೆಲ್ಲ ಅಕ್ಕಿಯ ಧಾರಣೆ ಅರ್ಧದ ಆಸುಪಾಸಿಗೆ ಇಳಿದುದೇ ಆ ಸಂಬಂಧ. ಸಾಲವಾದರೋ ರೂಪಾಯಿಯಲ್ಲಿ ಬರೆದದ್ದು, ಅದು ಇಳಿಯಲಿಲ್ಲ. ಹಿಂದೆ ಒಂದು ಮುಡಿ ಅಕ್ಕಿ ಮಾರಿ ತೀರಿಸಬಹುದಾಗಿದ್ದ ಬಡ್ಡಿಗೆ ಈಗ ಎರಡು ಮುಡಿ ಬೇಕಾಯಿತು.

1931ರಲ್ಲಿ ಅಜ್ಜ ಮೊದಲಿನ ಧಣಿಯಲ್ಲಿಗೆ ಹೋದರು. ಮೂಡುಬಿದಿರೆಯ ಕಡೆ ಒಬ್ಬರು ಕಡಿಮೆ ಬಡ್ಡಿಗೆ ದೊಡ್ಡ ಮೊತ್ತ ಕೊಡುವರೆಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಅಲ್ಲಿಂದ ತಂದು ಎಲ್ಲವನ್ನೂ ಒಮ್ಮೆಗೇ ತೀರಿಸಿ, ಒಂದೇ ಕಡೆ ಒಂದೇ ಅಡವು ಇಟ್ಟುಕೊಳ್ಳಬೇಕೆಂದು ಅವರ ಹಂಚಿಕೆ. ಆದರೆ ಅಷ್ಟರ ತನಕ ದಿನ ದೂಡಬೇಕಲ್ಲ? ಧಣಿಯು ಇನ್ನೂ ಇನ್ನೂರು ರೂಪಾಯಿ ಎಣಿಸಿ, ಅದೇ ಬೈಲಿನ ಮೇಲೆ ಮತ್ತೊಂದು ಅಡವುಪತ್ರ ಬರೆಸಿಕೊಂಡ. ನಡುವೆ ಬರೆದ ತೋರಡವಿನ ಮಾತನ್ನು ಅಜ್ಜ ಆಡಲಿಲ್ಲ. ಧಣಿಯೂ ನೋಂದಣಿ ಕಚೇರಿಯಲ್ಲಿ ಹುಡುಕಿಸಲಿಲ್ಲ. ತನ್ನ ನಾನೂರಕ್ಕೆ ಈ ಇನ್ನೂರು ಸೇರಿ ಆರುನೂರಾಯಿತು, ಎಲ್ಲವೂ ಮೊದಲ ಸಾಲಿನಲ್ಲಿದೆಯೆಂದು ಆತ ತಿಳಿದಿದ್ದಿರಬೇಕು.

ಮೂಡುಬಿದಿರೆಯವರು ಗದ್ದೆ ನೋಡಲು ಬಂದರು. ಬೈಲಿನ ಬದುವಿನ ಮೇಲೆ ನಿಂತು ಕಾಗದಗಳನ್ನು ಕೇಳಿದರು, ಮೊತ್ತಗಳನ್ನು ಕೂಡಿಸಿದರು. ನಾನೂರು, ನೂರೈವತ್ತು, ಅದರ ಬಡ್ಡಿ, ಇನ್ನೂರು, ಅದರ ಬಡ್ಡಿ. 1926ರಲ್ಲಿ ಸಾವಿರ ಬಾಳುತ್ತಿದ್ದ ಭೂಮಿ ಈಗ ಅಷ್ಟು ಬಾಳುತ್ತಿರಲಿಲ್ಲ. ಬೆಲ್ಲ ನೀರು ಕುಡಿದು, ಕ್ಷೇಮಸಮಾಚಾರ ಮಾತಾಡಿ, ಹೊರಟುಹೋದರು. ಆ ಇನ್ನೂರು ರೂಪಾಯಿ ಇಲ್ಲದಿದ್ದರೆ ಅವರು ಒಪ್ಪುತ್ತಿದ್ದರೆಂದು ನಮ್ಮ ತಂದೆ ಸಾಯುವವರೆಗೂ ಹೇಳುತ್ತಿದ್ದರು. ನನಗೆ ಅಷ್ಟು ನಂಬಿಕೆಯಿಲ್ಲ. ಆದರೆ ನೆಲದ ಬೆಲೆಗೂ ಋಣಕ್ಕೂ ನಡುವೆ ಉಳಿದಿದ್ದ ಕಿರಿದಾದ ಓಣಿಯನ್ನು ಅಜ್ಜ ತನ್ನ ಕೈಯಾರೆ ಮುಚ್ಚಿಕೊಂಡದ್ದು ನಿಜ.

ಮುಂದಿನದು ಬೇಗ ನಡೆಯಿತು. ಭೋಗ್ಯದವನು ಹರಾಜಿಗೆ ದಾವೆ ಹಾಕುವಂತಿಲ್ಲ; ತೋರಡವಿನವನು ಹಾಕಬಹುದು. ಸಾಹುಕಾರ ಹಾಕಿದ. 1935ರಲ್ಲಿ ಮೊದಲಿನ ನಾನೂರರ ಭೋಗ್ಯಕ್ಕೆ ಒಳಪಟ್ಟು ಭೂಮಿ ಹರಾಜಾಯಿತು. ಕೂಗಿದವರು ಹೆಚ್ಚಿಲ್ಲ. ಕೊಂಡವನು ಭೋಗ್ಯದ ಧಣಿಯೇ. ಬಂದ ಹಣ ಸಾಹುಕಾರನ ಅಸಲು, ಬಡ್ಡಿ, ಖರ್ಚಿಗೆ ಸರಿಹೋಯಿತು. ಧಣಿಯ ಎರಡನೆಯ ಇನ್ನೂರು? ಅದು ಮೂರನೆಯ ಸಾಲಿನಲ್ಲಿ ನಿಂತಿತ್ತು. ಅದಕ್ಕೆ ಒಂದು ಕಾಸೂ ಬರಲಿಲ್ಲ. ಆತ ಕೆರಳಿ, ಆ ಬಾಕಿಗೆ ಅಜ್ಜನ ಮೇಲೆ ಬೇರೆ ಡಿಕ್ರಿ ಪಡೆದು ಮನೆಯ ಸಾಮಾನನ್ನು ಜಪ್ತಿ ಮಾಡಿಸಿದ. ಸ್ನಾನದ ಮನೆಯ ತಾಮ್ರದ ಹಂಡೆ ಹೋದ ಮೇಲೆ ಅಜ್ಜಿ ಹಲವು ವರ್ಷ ಮಣ್ಣಿನ ಮಡಕೆಯಲ್ಲಿ ನೀರು ಕಾಯಿಸಿದರಂತೆ. ಭೂಮಿ ಹೋದುದಕ್ಕಿಂತ ಹಂಡೆ ಹೋದ ಕಥೆಯೇ ನಮ್ಮ ಮನೆಯಲ್ಲಿ ಹೆಚ್ಚು ಸಲ ಕೇಳಿಬರುತ್ತಿತ್ತು.

ಧಣಿ ಕೆರಳಿದುದು ಮನುಷ್ಯಸಹಜ. ಆದರೆ ಕಾನೂನು ಅವನ ಪರವಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಅವನಂಥವರಿಗೆ ಅನುಕೂಲವಾದ ಪದ್ಧತಿಯಿತ್ತು. ಮೊದಲು ಅಡವು ಹಿಡಿದವನು ಆಮೇಲೆ ಕೊಟ್ಟ ಸಾಲವನ್ನು ಮೊದಲಿನದಕ್ಕೆ ಹೊಲಿದು, ನಡುವಿನವನನ್ನು ಹಿಂದಕ್ಕೆ ತಳ್ಳಬಹುದಾಗಿತ್ತು. ನಡುವಿನ ಅಡವಿನ ಸುದ್ದಿ ತಿಳಿದ ಮೇಲೆ ಕೊಟ್ಟ ಹಣಕ್ಕೆ ಆ ಸವಲತ್ತಿಲ್ಲವೆಂದು 1861ರಲ್ಲಿ ಹಾಪ್ಕಿನ್ಸನ್ ಮತ್ತು ರೋಲ್ಟ್ ಎಂಬುವರ ಮೊಕದ್ದಮೆಯಲ್ಲಿ ಅಲ್ಲಿನ ಪ್ರಭುಸಭೆ ತೀರ್ಮಾನಿಸಿತು. ನಮ್ಮ ಕಾಯಿದೆ ಇನ್ನೂ ಮುಂದೆ ಹೋಯಿತು. ತಿಳಿದಿರಲಿ, ತಿಳಿಯದಿರಲಿ, ಹೊಲಿಗೆಯೇ ಕೂಡದೆಂದು 93ನೆಯ ಕಲಮು ಹೇಳುತ್ತದೆ. ಅದಕ್ಕೊಂದು ವಿನಾಯಿತಿ 79ನೆಯದರಲ್ಲಿದೆ. ಮುಂದೆ ಕೊಡಲಿರುವ ಸಾಲಕ್ಕೂ ಸೇರಿಸಿ ಮೊದಲೇ ಅಡವು ಬರೆದು, ಅದರಲ್ಲಿ ಗರಿಷ್ಠ ಮೊತ್ತ ಇಷ್ಟೆಂದು ಕಾಣಿಸಿದ್ದರೆ, ಆ ಮಿತಿಯೊಳಗೆ ಕೊಟ್ಟದ್ದೆಲ್ಲವೂ ಮೊದಲ ಸಾಲಿನಲ್ಲೇ ನಿಲ್ಲುತ್ತದೆ. ಆ ಅಡವನ್ನು ತಿಳಿದೇ ಸಾಲ ಕೊಟ್ಟ ಎರಡನೆಯವನು ಹಿಂದೆ ನಿಲ್ಲಬೇಕು. 1926ರ ಪತ್ರದಲ್ಲಿ ಅಂಥ ಒಂದು ವಾಕ್ಯವಿದ್ದಿದ್ದರೆ ಹಂಡೆ ಉಳಿಯುತ್ತಿತ್ತೇನೋ! ಆದರೆ ಹಾಗಿದ್ದರೆ ಸಾಹುಕಾರ ಆ ನೂರೈವತ್ತನ್ನು ಕೊಡುತ್ತಲೇ ಇರಲಿಲ್ಲ.

ಹರಾಜಿನ ಮರುವರ್ಷ ಅಜ್ಜ ಅದೇ ಗದ್ದೆಗೆ ಅದೇ ಧಣಿಯ ಚಾಲಗೇಣಿ ಒಕ್ಕಲಾದರು. ಊರಿನಲ್ಲಿ ಇದು ಅಪೂರ್ವವಲ್ಲ. ತನ್ನದಾಗಿದ್ದ ಬೈಲಿನ ಗೇಣಿ ಅಕ್ಕಿಯನ್ನು ಮುಡಿ ಕಟ್ಟಿ ಹೊತ್ತುಕೊಂಡು ಹೋಗಿ ಧಣಿಯ ಅಂಗಳದಲ್ಲಿ ಅಳೆದುಕೊಟ್ಟು ಬರುವುದು. ಅವರ ಬಳಿಕ ತಂದೆಯವರು. 1938ರಲ್ಲಿ ಮದರಾಸಿನ ರಾಜಾಜಿ ಸರಕಾರ ರೈತರ ಋಣಪರಿಹಾರಕ್ಕೆ ಕಾಯಿದೆ ತಂದು, 1937ರ ಅಕ್ಟೋಬರ್ ಒಂದನೆಯ ತಾರೀಕಿಗೆ ಬಾಕಿ ನಿಂತಿದ್ದ ಹಳೆಯ ಸಾಲಗಳ ಬಡ್ಡಿಯನ್ನು ರದ್ದುಮಾಡಿತು. ನಮ್ಮ ಮನೆಗೆ ಅದು ತಡವಾಗಿ ಬಂದ ಮಳೆ. ಆದರೆ ಮತ್ತೊಂದು ಮಳೆ ಬಂತು. ಭೂಸುಧಾರಣೆಯ ತಿದ್ದುಪಡಿ ಕಾಯಿದೆ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ ಒಂದರಿಂದ ಜಾರಿಗೆ ಬಂದಾಗ, ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿ, ಉಳುವವನು ಅದರ ಒಡೆತನಕ್ಕೆ ಅರ್ಜಿ ಹಾಕಬಹುದೆಂದಾಯಿತು. ತಂದೆಯವರು 7ನೆಯ ನಮೂನೆಯಲ್ಲಿ 'ಡಿಕ್ಲರೇಶನ್' ಕೊಟ್ಟರು. ಭೂನ್ಯಾಯ ಮಂಡಳಿಯ ಆದೇಶ ಕೈಗೆ ಬಂದ ದಿನ ಅವರು ಅದನ್ನು ದೇವರ ಮುಂದಿಡಲಿಲ್ಲ. ಅಟ್ಟ ಹತ್ತಿ 1926ರ ಪತ್ರದ ಮೇಲೆಯೇ ಇಟ್ಟು ಕಟ್ಟಿದರು. ಪತ್ರದಿಂದ ಹೋದುದು ನಮೂನೆಯಿಂದ ಬಂದಿತು. ಧಣಿಯ ಮೊಮ್ಮಕ್ಕಳು ಇಂದಿಗೂ ನಮ್ಮನ್ನು ಕಂಡರೆ ಮಾತಾಡಿಸುತ್ತಾರೆ. ಅವರ ಮನೆಯ ಅಟ್ಟದಲ್ಲಿಯೂ ಒಂದು ಪೆಟ್ಟಿಗೆಯಿರಬೇಕು, ಅದರ ಕಥೆ ಬೇರೆ ತೆರನಾಗಿರಬೇಕು.

ಅಳಿಯನ ಮನೆ ನಿಂತಿರುವುದು ಆ ಮಜಲಿನ ಒಂದು ಮೂಲೆಯಲ್ಲಿ. ಅವನಿಗೆ ಇದು ಗೊತ್ತಿರಲಿಲ್ಲ.

ಹಾಗೆಂದು ಧಣಿಗಳ ಕಾಲವನ್ನೂ ಇಂದಿನ ಬ್ಯಾಂಕುಗಳ ಕಾಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವವನು ನಾನಲ್ಲ. ಅಂಥ ಧಣಿಗಳ ಕೈಯಿಂದ ರೈತರನ್ನು ಬಿಡಿಸಬೇಕೆಂದೇ ಮೊಳಹಳ್ಳಿ ಶಿವರಾಯರಂಥವರು ಈ ಜಿಲ್ಲೆಯಲ್ಲಿ ಸಹಕಾರದ ಬೀಜ ಬಿತ್ತಿದರು. 1906ರಿಂದ 1931ರೊಳಗೆ ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂದು ಐದು ಬ್ಯಾಂಕುಗಳು ಈ ಒಂದೇ ಜಿಲ್ಲೆಯಲ್ಲಿ ಹುಟ್ಟಿಕೊಂಡವು. ಅವುಗಳಲ್ಲಿ ಮೂರರ ಹೆಸರು 2019 ಮತ್ತು 2020ರ ವಿಲೀನಗಳಲ್ಲಿ ಅಳಿಸಿಹೋಯಿತು. ಇಂದಿನ ಬ್ಯಾಂಕು ಲೆಕ್ಕ ಕೊಡುತ್ತದೆ, ರಸೀದಿ ಕೊಡುತ್ತದೆ. ಬಡ್ಡಿದರ ಬದಲಾಗುವ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದವರಿಂದ ಬ್ಯಾಂಕುಗಳು ದಂಡ ವಸೂಲು ಮಾಡಕೂಡದೆಂದು ರಿಸರ್ವ್ ಬ್ಯಾಂಕು 2012ರಲ್ಲಿ ಆಜ್ಞೆ ಮಾಡಿತು. ಸಾಲ ಬದಲಾಯಿಸುವ ಮಾತು ನಮ್ಮಂಥವರ ಬಾಯಲ್ಲಿ ಬರುವಂತಾದುದೇ ಆ ಮೇಲೆ. ಸಾಲ ತೀರಿದ ಮೂವತ್ತು ದಿನಗಳೊಳಗೆ ಮೂಲಪತ್ರಗಳನ್ನು ಹಿಂತಿರುಗಿಸದಿದ್ದರೆ, ತಪ್ಪು ಬ್ಯಾಂಕಿನದಾದ ಪಕ್ಷದಲ್ಲಿ, ದಿನಕ್ಕೆ ಐದು ಸಾವಿರ ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರಿನಿಂದ ಬಂದಿದೆ. ಅಜ್ಜನಿಗೆ ಇದನ್ನು ಹೇಳಿದ್ದರೆ ನಗುತ್ತಿದ್ದರು.

ಪೆಟ್ಟಿಗೆ ಇಳಿಸಿದ ಮೇಲೆ ಅಳಿಯನ ಲೆಕ್ಕವನ್ನು ನೋಡಿದೆ. ಇಪ್ಪತ್ತು ಲಕ್ಷ, ನೂರಕ್ಕೆ ಒಂಬತ್ತರ ಬಡ್ಡಿ, ಇಪ್ಪತ್ತು ವರ್ಷ. ತಿಂಗಳ ಕಂತು ಸುಮಾರು 18 ಸಾವಿರ. ಐದು ವರ್ಷಗಳಲ್ಲಿ ಅವನು ಕಟ್ಟಿದ್ದು ಹತ್ತು ಲಕ್ಷ ಎಂಬತ್ತು ಸಾವಿರದಷ್ಟು. ಅಸಲಿನಲ್ಲಿ ತೀರಿದ್ದು ಎರಡೂಕಾಲು ಲಕ್ಷ ಮಾತ್ರ. ಇನ್ನೂ ಹದಿನೇಳೂಮುಕ್ಕಾಲು ಲಕ್ಷ ಬಾಕಿ. ಅವನು ಮುಖ ಸಪ್ಪಗೆ ಮಾಡಿದ. "ಇಷ್ಟೇನಾ?" ಎಂದ. ಮೋಸವೇನೂ ಇಲ್ಲ, ಕಂತಿನ ಸಾಲದ ಗುಣವೇ ಹಾಗೆ. ಮೊದಲ ವರ್ಷಗಳ ಕಂತನ್ನು ಬಡ್ಡಿಯೇ ಉಣ್ಣುತ್ತದೆ. ಇದರ ಮೇಲೆ ಐದು ಲಕ್ಷ ಸೇರಿಸಿದರೆ, ಐದು ವರ್ಷ ಹಿಂದೆ ತೆಗೆದುದಕ್ಕಿಂತ ಹೆಚ್ಚಿನ ಸಾಲವನ್ನು ಹೊತ್ತುಕೊಂಡು ಹೊಸ ಬ್ಯಾಂಕಿನ ಬಾಗಿಲಿಗೆ ಹೋಗಬೇಕಾಗುತ್ತದೆ.

"ಹೊಸ ಬ್ಯಾಂಕಿನವರು ಮನೆಗೆ ಎಷ್ಟು ಬೆಲೆ ಕಟ್ಟುತ್ತಾರೆಂದು ಕೇಳಿದ್ದೀಯಾ?"

"ಇಲ್ಲ ಮಾವ. ಕಟ್ಟಿಸಲು ಖರ್ಚಾದದ್ದು..."

"ಖರ್ಚಾದದ್ದು ಬೇರೆ, ಬಾಳುವುದು ಬೇರೆ. ನಾರಾವಿಯ ಮನೆಗೆ ಮಂಗಳೂರಿನ ಬೆಲೆ ಕಟ್ಟುವವರಿಲ್ಲ. ಈಗ ತೆಗೆಯುವ ಐದು ಲಕ್ಷಕ್ಕೆ ಇಲ್ಲಿ ಶುಲ್ಕ, ಕಾಗದದ ಖರ್ಚು; ಆರು ತಿಂಗಳಲ್ಲಿ ಅದನ್ನೇ ಅಲ್ಲಿಗೆ ಒಯ್ಯುವಾಗ ಮತ್ತೆ ಶುಲ್ಕ, ಮತ್ತೆ ಕಾಗದದ ಖರ್ಚು. ಅವರು ಬೇಡವೆಂದರೆ ಏನು ಮಾಡುತ್ತೀ?"

ಅವನು ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ನಾನು ಇನ್ನೊಂದು ಪ್ರಶ್ನೆ ಕೇಳಿದೆ. ಅದನ್ನು ಕೇಳುವಾಗ ನನ್ನ ದನಿ ನಮ್ಮ ತಂದೆಯವರ ದನಿಯಂತೆ ಇತ್ತೆಂದು ಮನೆಯಾಕೆ ಆಮೇಲೆ ಹೇಳಿದಳು. "ನಡುವೆ ಬೇರೆ ಯಾರಿಗಾದರೂ ಏನಾದರೂ ಬರೆದುಕೊಟ್ಟಿದ್ದೀಯಾ?"

ಇತ್ತು. ಸೊಸೈಟಿಯಿಂದ ತೋಟದ ಮೇಲೆ ಸಾಲ ತೆಗೆದಿದ್ದ. ಪಹಣಿಯ 11ನೆಯ ಕಾಲಮಿನಲ್ಲಿ ಅದು ಕುಳಿತಿದೆ. ಮನೆಯ ಜಾಗಕ್ಕೂ ಅದಕ್ಕೂ ಸಂಬಂಧವಿಲ್ಲ, ಮುಚ್ಚಿಡುವಂಥ ವಿಷಯವೂ ಅಲ್ಲ. ಆದರೂ ನನಗೆ ಅವನು ಹೇಳಿರಲಿಲ್ಲ. ತೋಟವು ಕೃಷಿಭೂಮಿ, ಕೋರ್ಟಿಲ್ಲದೆ ಜಪ್ತಿ ಮಾಡಲು ಬ್ಯಾಂಕುಗಳಿಗೆ ಅಧಿಕಾರ ಕೊಟ್ಟ 2002ರ ಕಾಯಿದೆ ಅದನ್ನು ಮುಟ್ಟುವುದಿಲ್ಲ. ಕನ್ವರ್ಷನ್ ಆದ ಮನೆಯ ಜಾಗಕ್ಕೆ ಆ ರಕ್ಷಣೆಯಿಲ್ಲ. ತೋಟವನ್ನು ಉಳಿಸಲು ಅವನು ಮನೆಯನ್ನು ಮುಂದೊಡ್ಡುತ್ತಿದ್ದ.

ಇನ್ನು ನನ್ನ ಸಹಿ. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎಂದು 1872ರ ಕರಾರು ಕಾಯಿದೆ ಹೇಳುತ್ತದೆ. ಅವನನ್ನು ಕೇಳದೆ ಕರಾರನ್ನು ಬದಲಾಯಿಸಿದರೆ ಆಮೇಲಿನ ವ್ಯವಹಾರಕ್ಕೆ ಅವನು ಹೊಣೆಯಲ್ಲವೆಂದೂ ಅದೇ ಕಾಯಿದೆಯ 133ನೆಯ ಕಲಮು ಹೇಳುತ್ತದೆ. ಬ್ಯಾಂಕಿಗೆ ನನ್ನ ಸೈನು ಮತ್ತೆ ಬೇಕಾದುದು ನನ್ನ ಮೇಲಿನ ಗೌರವದಿಂದಲ್ಲ. ನಾನು ಸಹಿ ಮಾಡಿದರೆ ನನ್ನ ಪಾಲಿನ ಬೈಲೂ ಕೊನೆಗೆ ಆ ಐದು ಲಕ್ಷದ ಹಿಂದೆ ನಿಲ್ಲುತ್ತದೆ. ಮಾಡದಿದ್ದರೆ ಅಡಿಕೆ ಸಸಿಗಳು ಈ ಮಳೆಗಾಲಕ್ಕೆ ನೆಲಕ್ಕಿಳಿಯುವುದಿಲ್ಲ. ತಂಗಿಯ ಮಗ. ಅಜ್ಜ ಮೊದಲ ಸಾಲ ತೆಗೆದದ್ದೂ ತಂಗಿಯ ಮದುವೆಗೇ.

ಆ ಸಂಜೆ ಇಬ್ಬರೂ ಕುಳಿತು ಹೀಗೆ ಮಾಡುವುದೆಂದು ನಿಶ್ಚಯಿಸಿದೆವು. ಹಳೆಯ ಬ್ಯಾಂಕಿನ ಟಾಪ್-ಅಪ್ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ. ಅವನು ಮೊದಲು ಹೊಸ ಬ್ಯಾಂಕಿಗೆ ಹೋಗಿ, ಹಳೆಯ ಬಾಕಿಯನ್ನೂ ಬೇಕಾದ ಹೆಚ್ಚಿನ ಹಣವನ್ನೂ ಒಟ್ಟಿಗೇ ಕೇಳಲಿ. ಸೊಸೈಟಿಯ ಸಾಲವನ್ನು ಮುಚ್ಚದೆ ಹೇಳಲಿ. ಅವರ ಮಂಜೂರಾತಿ ಬರಹದಲ್ಲಿ ಕೈಗೆ ಬಂದ ಮೇಲೆ ಹಳೆಯದನ್ನು ಮುಗಿಸಲಿ. ಒಪ್ಪದಿದ್ದರೆ ಹಳೆಯ ಸಾಲ ಇದ್ದಂತೆಯೇ ಇರಲಿ, ಬಡ್ಡಿ ಇಳಿಸುವಿರಾ ಎಂದು ಹಳಬರನ್ನೇ ಕೇಳಬಹುದು. ಇನ್ನೊಂದು ಬ್ಯಾಂಕಿನ ಮಂಜೂರಾತಿ ಜೇಬಿನಲ್ಲಿದ್ದರೆ ಅಂಥ ಮಾತಿಗೆ ತೂಕ ಬರುತ್ತದೆ. ಸಸಿಗಳನ್ನು ಈ ವರ್ಷ ಅರ್ಧ, ಬರುವ ವರ್ಷ ಅರ್ಧ ನೆಡಲಿ. ಐದು ಲಕ್ಷದ ಬದಲು ಮೂರು ಸಾಕು. ಹೊಸ ಜಾಮೀನುಪತ್ರದಲ್ಲಿ ನನ್ನ ಹೊಣೆಯ ಗರಿಷ್ಠ ಮೊತ್ತವನ್ನು ಅಂಕೆಯಲ್ಲಿಯೂ ಅಕ್ಷರದಲ್ಲಿಯೂ ಕಾಣಿಸಿದರೆ ಮಾತ್ರ ನನ್ನ ಸಹಿ.

"ಬ್ಯಾಂಕಿನವರ ಅಚ್ಚಾದ ಫಾರಮಿನಲ್ಲಿ ಅದಕ್ಕೆ ಜಾಗ ಇರುವುದಿಲ್ಲ ಮಾವ."

"ಅಂಚಿನಲ್ಲಿ ಬರೆಯಲಿ."

ಹೊರಡುವ ಮುಂಚೆ ಅವನು 1931ರ ಪತ್ರವನ್ನು ಕೈಗೆತ್ತಿಕೊಂಡ. ಆ ಹಳೆಯ ಕೂಡಕ್ಷರ ಅವನಿಗೆ ಓದಲು ಬರಲಿಲ್ಲ. ನಾನೇ ಗಟ್ಟಿಯಾಗಿ ಓದಿ ಹೇಳಿದೆ. ಚೆಕ್ಕುಬಂದಿಯ ಸಾಲುಗಳಿಗೆ ಬಂದಾಗ, ಮೂಡಣ ಎಲ್ಲೆಯಲ್ಲಿ ಒಂದು ಹಲಸಿನ ಮರವೆಂದು ಬರೆದಿತ್ತು. "ಇದು ನಮ್ಮ ಬಾವಿಯ ಹತ್ತಿರದ್ದೇ?" ಎಂದು ಕೇಳಿದ. ಅದೇ. ಅವನು ಮೊಬೈಲಿನಲ್ಲಿ ಆ ಪುಟದ ಚಿತ್ರ ತೆಗೆದುಕೊಂಡ.

ಮೊನ್ನೆ ಹೊಸ ಬ್ಯಾಂಕಿನ ಮೌಲ್ಯಮಾಪಕರು ಬಂದು ಅವನ ಮನೆಯನ್ನು ಅಳೆದು ಹೋಗಿದ್ದಾರೆ. ಬೆಲೆ ಎಷ್ಟು ಕಟ್ಟಿದರೆಂದು ಇನ್ನೂ ತಿಳಿಸಿಲ್ಲ. ಹಲಸಿನ ಮರವನ್ನು ಲೆಕ್ಕಕ್ಕೆ ಹಿಡಿದರೇ ಎಂದು ಮನೆಯಾಕೆ ಕೇಳುತ್ತಿದ್ದಾಳೆ.